13 ನಂಬರ್ ಸ್ಪ್ಯಾನರ್ ಒಂದೇ ಸಾಕು: ಕಾಯಿ ತುರಿಯುವ ಯಂತ್ರ ಮಾಡಲು ಹೋದ ಎರಡು ವರ್ಷ

ನಾನು ಮಾಡಿದ ಮೊದಲ ಕಾಯಿ ತುರಿಯುವ ಯಂತ್ರವನ್ನು ರಿಪೇರಿಗೆಂದು ಬಿಚ್ಚಲು ನನಗೇ ಆಗಲಿಲ್ಲ. ಕಟಿಂಗ್ ವೀಲ್ ಹಿಡಿದು ಕೊಯ್ಯಬೇಕಾಯಿತು.

ಅದು 2023ರ ಸೆಪ್ಟೆಂಬರ್. ಉಡುಪಿಯ ಕಡೆ ಸಮಾರಂಭಗಳ ಅಡುಗೆ ವಹಿಸಿಕೊಳ್ಳುವ ಭಟ್ಟರೊಬ್ಬರು ಏಳು ತಿಂಗಳ ಹಿಂದೆ ಕೊಂಡಿದ್ದ ಯಂತ್ರವನ್ನು ಆಮ್ನಿಯ ಹಿಂಬದಿಯಲ್ಲಿ ಹಾಕಿಕೊಂಡು ಮಂಗಳೂರಿನ ಬೈಕಂಪಾಡಿಯ ನಮ್ಮ ಶೆಡ್ಡಿಗೆ ತಂದಿದ್ದರು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವೆ ಬರುವ ತುಳು ತಿಂಗಳಲ್ಲಿ, ಮದುವೆ ಮುಂಜಿ ಇಲ್ಲವಲ್ಲ, ಯಂತ್ರ ಉಗ್ರಾಣದ ಮೂಲೆಯಲ್ಲಿ ಸುಮ್ಮನೆ ಕುಳಿತಿತ್ತು. ನವರಾತ್ರಿಗೆ ಮೊದಲು ಓಡಿಸಿ ನೋಡೋಣವೆಂದು ಸ್ವಿಚ್ ಹಾಕಿದರೆ ಗುಂಯ್ ಎಂಬ ಸದ್ದು ಮಾತ್ರ. ತುರಿಯುವಾಗ ಸಿಡಿದ ಕಾಯಿಹಾಲು ಶಾಫ್ಟಿನ ಗುಂಟ ಒಳಗೆ ಇಳಿದು ಮೋಟಾರಿನ ಮುಂದಿನ ಬೇರಿಂಗನ್ನು, ಅಂದರೆ ಶಾಫ್ಟು ಸಲೀಸಾಗಿ ತಿರುಗಲು ಆಸರೆಯಾಗುವ ಗುಂಡುಗಳ ಬಳೆಯನ್ನು, ಕಚ್ಚಿ ಹಿಡಿಸಿತ್ತು.

ಆ ಬೇರಿಂಗಿಗೆ ಇನ್ನೂರು ರೂಪಾಯಿಯೂ ಇಲ್ಲ. ಅದನ್ನು ಮುಟ್ಟಬೇಕಾದರೆ ತಟ್ಟೆಯ, ಒಮ್ಮೆ ಬಡಿದರೆ ಬಿಚ್ಚಲು ಬಾರದ ಹನ್ನೆರಡು ರಿವೆಟ್‌ಗಳನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬೇಕು, ವೆಲ್ಡಿಂಗ್ ಮಾಡಿ ಮುಚ್ಚಿದ ಕವರನ್ನು ಕೊಯ್ಯಬೇಕು. ಎರಡೂವರೆ ಗಂಟೆ ಹಿಡಿಯಿತು. ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದ ಭಟ್ಟರು, "ಬಿಡಿ ಅಮ್ಮ, ಗುಜರಿಗೆ ಹಾಕಿಬಿಡಿ. ನಮ್ಮ ಅಜ್ಜಿಯ ಹೆರೆಮಣೆ ಇವತ್ತಿಗೂ ಇದೆ. ಹಲ್ಲು ಮೊಂಡಾದಾಗ ಆಚಾರಿಯಲ್ಲಿ ಕೊಟ್ಟು ಚೂಪು ಮಾಡಿಸಿದರೆ ಆಯಿತು" ಎಂದರು. ಬೈದಿದ್ದರೆ ವಾಸಿಯಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಒಂಬತ್ತು ವರ್ಷ ಬೇರೆಯವರ ಕಾರ್ಖಾನೆಯಲ್ಲಿ ದುಡಿದು, ತಂದೆಯ ಲೇತ್ ಶೆಡ್ಡಿಗೆ ಮರಳಿದ್ದವಳು ನಾನು. ಹೆರೆಮಣೆಯ ಮುಂದೆ ಸೋತಿದ್ದೆ.

ಆ ದಿನದಿಂದ ಈ ವರ್ಷದ ಮಳೆಗಾಲ ಮುಗಿಯುವವರೆಗಿನ ಕಥೆ ಇದು. ಬಿಚ್ಚಿ, ಸರಿಮಾಡಿ, ಮತ್ತೆ ಬಳಸಬಹುದಾದ ವಸ್ತುವನ್ನು ಸಣ್ಣ ಮಟ್ಟದಲ್ಲಿ ತಯಾರಿಸಬೇಕೆಂದು ಹೊರಟವರು ನಾನು ಎಡವಿದ ಜಾಗಗಳಲ್ಲೇ ಎಡವಬಾರದೆಂದು ಖರ್ಚುವೆಚ್ಚ ಸಮೇತ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ಉದ್ಯಮ್ ನೋಂದಣಿಗೆ, ಅಂದರೆ ಸಣ್ಣ ಉದ್ಯಮವೆಂದು ಸರಕಾರದಲ್ಲಿ ಹೆಸರು ದಾಖಲಿಸಲು, ಆಧಾರ್, ಪ್ಯಾನ್ ಸಾಕು; ಸರಕಾರದ ಜಾಲತಾಣದಲ್ಲಿ ಅದು ಉಚಿತ. ಅದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ಹಣ ಕೇಳುತ್ತವೆ, ನಾನು ಒಂದಕ್ಕೆ 1,999 ರೂಪಾಯಿ ಕಟ್ಟಿ ಕಲಿತೆ. ಸಾಲಕ್ಕೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದ, ಯೋಜನೆ ಹಿಡಿದೆ. ತಯಾರಿಕಾ ಘಟಕಕ್ಕೆ ಅದರಲ್ಲಿ 50 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದೆ. ಮಹಿಳೆಯರು ವಿಶೇಷ ವರ್ಗದಲ್ಲಿ ಬರುವುದರಿಂದ ಕೈಯಿಂದ ಹಾಕಬೇಕಾದದ್ದು ಶೇ. 5, ಸಬ್ಸಿಡಿ ನಗರದಲ್ಲಾದರೆ ಶೇ. 25, ಹಳ್ಳಿಯಲ್ಲಾದರೆ ಶೇ. 35. ನನ್ನದು 12 ಲಕ್ಷದ ಯೋಜನೆ. ಬೈಕಂಪಾಡಿ ನಗರದ ಲೆಕ್ಕಕ್ಕೆ ಬಂದದ್ದರಿಂದ ಸಬ್ಸಿಡಿ 3 ಲಕ್ಷ. ಆ ಹಣ ಕೈಗೆ ಬರುತ್ತದೆಂದು ಯಾರೂ ಕನಸು ಕಾಣಬೇಡಿ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ ಎಂಬುದೇ ಸಮಾಧಾನ.

ನಾನು ಲೆಕ್ಕಹಾಕದ ತೊಡಕು ಶೆಡ್ಡಿನದು. ಈ ಯೋಜನೆ ಹೊಸ ಘಟಕಕ್ಕೆ ಮಾತ್ರ. ತಂದೆಯ ಲೇತ್ ಇರುವ ಶೆಡ್ಡಿನಲ್ಲೇ ನನ್ನ ಘಟಕವೆಂದರೆ ಹಳೆಯದರ ವಿಸ್ತರಣೆ ಎಂದು ಕಾಣುತ್ತದೆ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನನ್ನ ತಂದೆ ಅರ್ಧ ಶೆಡ್ಡನ್ನು ನನಗೆ ಬಾಡಿಗೆಗೆ ಕೊಟ್ಟಂತೆ ಛಾಪಾ ಕಾಗದದಲ್ಲಿ ಕರಾರು ಮಾಡಿಕೊಂಡೆವು, ನಡುವೆ ಒಂದು ಗೋಡೆ ಎಬ್ಬಿಸಿದೆವು, ನನ್ನ ಹೆಸರಿನಲ್ಲಿ ಬೇರೆ ಮೀಟರ್ ಹಾಕಿಸಿದೆವು. ಗೋಡೆಗೆ 31 ಸಾವಿರ, ಮೀಟರಿಗೆ ಐದು ವಾರ. ಕರಾರಿಗೆ ಸಹಿ ಹಾಕುವಾಗ ತಂದೆ, "ಬಾಡಿಗೆ ಐದನೇ ತಾರೀಖಿನ ಒಳಗೆ ಬರಬೇಕು" ಎಂದರು. ತಮಾಷೆ ಎಂದುಕೊಂಡಿದ್ದೆ. ಅಲ್ಲ.

2024ರ ಫೆಬ್ರುವರಿಯಲ್ಲಿ ಹಾಕಿದ ಅರ್ಜಿ ಬ್ಯಾಂಕಿನ ಮೇಜಿಗೆ ಬಂದದ್ದು ಮೇ ತಿಂಗಳಲ್ಲಿ. ಯೋಜನಾ ವರದಿಯಲ್ಲಿ ನಾನು ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: ಈ ಯಂತ್ರದ ಪ್ರತಿಯೊಂದು ಭಾಗವನ್ನೂ ಬದಲಿಸಬಹುದು, ಹತ್ತು ವರ್ಷಕ್ಕೂ ಮೀರಿ ಬಾಳಿಕೆ ಬರುತ್ತದೆ. ಮ್ಯಾನೇಜರ್ ಅದನ್ನು ಎರಡು ಸಲ ಓದಿ ಕೇಳಿದರು, "ಹತ್ತು ವರ್ಷ ಕೆಡದಿದ್ದರೆ ನಿಮ್ಮಿಂದ ಎರಡನೇ ಯಂತ್ರ ಯಾರು ಕೊಳ್ಳುತ್ತಾರೆ? ನಮ್ಮ ಕಂತು ಎಲ್ಲಿಂದ ಬರುತ್ತದೆ?"

ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದು ಸಿಟ್ಟು ಮಾಡಿಕೊಂಡೆ, ಆಮೇಲೆ ಅವರು ಕೇಳಿದ್ದು ಸರಿಯಾಗಿಯೇ ಇದೆ ಅನ್ನಿಸಿತು. ಮರುಬಳಕೆಯ ಮಾತಾಡುವವರೆಲ್ಲ ಜಾರಿಕೊಳ್ಳುವ ಪ್ರಶ್ನೆ ಅದು. ವರದಿಯನ್ನು ತಿದ್ದಿದೆ. ಯಂತ್ರದ ಮಾರಾಟದ ಜತೆಗೆ ವರ್ಷಕ್ಕೊಮ್ಮೆ ಆಟಿಯಲ್ಲಿ ಸರ್ವಿಸ್, ಬಿಡಿಭಾಗಗಳ ಮಾರಾಟ, ನಾಲ್ಕು ವರ್ಷದೊಳಗೆ ಹಿಂತಿರುಗಿಸಿದರೆ 3,000 ರೂಪಾಯಿ ಕೊಟ್ಟು ವಾಪಸ್ ಪಡೆದು ನವೀಕರಿಸಿ ಮಾರುವುದು, ಈ ಮೂರನ್ನೂ ಆದಾಯದ ಪಟ್ಟಿಗೆ ಸೇರಿಸಿದೆ. ಆಗಸ್ಟಿನಲ್ಲಿ ಸಾಲ ಮಂಜೂರಾಯಿತು. ವರದಿ ಬರೆಯುವವರು ಈ ಲೆಕ್ಕವನ್ನು ಮೊದಲೇ ಹಾಕಿಟ್ಟುಕೊಳ್ಳಿ. ಮೂರು ತಿಂಗಳು ಉಳಿಯುತ್ತದೆ.

ಆ ಮೇ ತಿಂಗಳಲ್ಲೇ ಇನ್ನೊಂದು ಸಂಗತಿ ನಡೆಯಿತು. ಮಳೆಗೆ ಮುಂಚೆ ಮನೆಯ ಹಂಚು ಕೈಯಾಡಿಸಲು ಆಳು ಬಂದಿದ್ದ. ನಾನು ಏಣಿಯ ನಡುವೆ ನಿಂತು ಹಂಚು ದಾಟಿಸುತ್ತಿದ್ದೆ. ಕೈಯಲ್ಲಿದ್ದ ಹಂಚನ್ನು ತಿರುಗಿಸಿ ನೋಡಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಊರಿನವರು ನಾವು, ಹುಟ್ಟಿದಂದಿನಿಂದ ತಲೆಯ ಮೇಲೆ ಹಂಚು ಇದೆ, ಆದರೆ ಅದರ ಬೆನ್ನನ್ನು ನಾನು ಆವತ್ತೇ ನೋಡಿದ್ದು. ಕೆಳಗೆ ರೀಪಿಗೆ ತಗಲಿಕೊಳ್ಳಲು ಒಂದು ಗುಬುಟು, ಪಕ್ಕದ ಹಂಚಿಗೆ ಸೇರಲು ಅಂಚಿನಲ್ಲಿ ಒಂದು ತೋಡು. ಮೊಳೆ ಇಲ್ಲ, ಗಾರೆ ಇಲ್ಲ. ತನ್ನ ಭಾರದಿಂದಲೇ ಕೂತಿದೆ. ಒಡೆದದ್ದನ್ನು ಎತ್ತಿ ಬೇರೊಂದನ್ನು ತೂರಿಸಿದರೆ ಆಯಿತು. ಮನೆಯನ್ನೇ ಕೆಡವಿದರೂ ಹಂಚು ಇನ್ನೊಂದು ಮನೆಗೆ ಹೋಗುತ್ತದೆ. ಹಳೆಯ ಹಂಚಿಗೆ ನಮ್ಮಲ್ಲಿ ಇವತ್ತಿಗೂ ಗಿರಾಕಿಗಳಿದ್ದಾರೆ.

ಕೆಳಗಿಳಿದವಳು ನಕ್ಷೆಯಿಂದ ರಿವೆಟ್‌ಗಳನ್ನೆಲ್ಲ ತೆಗೆದುಹಾಕಿದೆ. ವೆಲ್ಡಿಂಗ್ ಕಾಲಿನ ಚೌಕಟ್ಟಿಗೆ ಮಾತ್ರ ಉಳಿಯಿತು.

ರಿವೆಟ್ ತೆಗೆದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ ಎಂದು ತೋರಿಸಿಕೊಟ್ಟದ್ದು ಅದೇ ಮಳೆಗಾಲ. ಎರಡನೇ ಮಾದರಿಯಲ್ಲಿ ಬೇರಿಂಗಿನ ಹೌಸಿಂಗ್, ಅಂದರೆ ಅದು ಕೂರುವ ಗೂಡು, ಅಲ್ಯೂಮಿನಿಯಂ ಎರಕದ್ದು, ಬೋಲ್ಟ್‌ಗಳು ಸ್ಟೇನ್‌ಲೆಸ್ ಸ್ಟೀಲಿನವು. ಎರಕದಲ್ಲೇ ತೂತು ಕೊರೆದು, ಟ್ಯಾಪ್ ಹೊಡೆದು (ತೂತಿನೊಳಗೆ ಸುರುಳಿ ಗೀರು ಕಡೆದು) ಬೋಲ್ಟ್ ಕೂರಿಸಿದ್ದೆ. ನೋಡಲು ಬಹಳ ಅಂದ. ಪ್ರಯೋಗಕ್ಕೆಂದು ನಾಲ್ಕು ಯಂತ್ರಗಳನ್ನು ಪರಿಚಯದ ಅಡುಗೆಯವರಿಗೆ ಕೊಟ್ಟಿದ್ದೆ. ಸೆಪ್ಟೆಂಬರಿನಲ್ಲಿ ತರಿಸಿ ನೋಡಿದರೆ ಬೋಲ್ಟಿನ ಬುಡದಲ್ಲೆಲ್ಲ ಬಿಳಿಯ ಪುಡಿ. ಸ್ಪ್ಯಾನರ್ ಹಾಕಿ ಒತ್ತಿದೆ, ಬೋಲ್ಟಿನ ತಲೆ ಟಪ್ಪನೆ ಕಳಚಿ ಬಂತು, ದೇಹ ಎರಕದೊಳಗೇ ಉಳಿಯಿತು. ಸ್ಟೀಲು, ಅಲ್ಯೂಮಿನಿಯಂ, ಎರಡರ ನಡುವೆ ಕಡಲ ಕಡೆಯ ಉಪ್ಪು ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಡಿಪ್ಲೊಮಾದಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ ಕೂಡ.

ಇಲ್ಲಿ ನನ್ನನ್ನು ಕಾಪಾಡಿದವರು ಸುರತ್ಕಲ್ ಕಡೆಯ ಮೋಟಾರ್ ರಿವೈಂಡಿಂಗ್ ಅಂಗಡಿಯ ಕಾಕ. ನಲವತ್ತು ವರ್ಷದಿಂದ ಪಂಪು, ಮಿಕ್ಸಿ, ಫ್ಯಾನು ಬಿಚ್ಚುತ್ತಿರುವವರು. ಮುರಿದ ಹೌಸಿಂಗನ್ನು ಅವರ ಮುಂದಿಟ್ಟೆ. ಅವರು ಅದನ್ನು ಬಿಟ್ಟು ನನ್ನ ಬೋಲ್ಟ್‌ಗಳ ತಲೆಯನ್ನು ನೋಡಿದರು. "ಮಗಳೇ, ಇದಕ್ಕೆ ಅಲೆನ್ ಕೀ, ಅದಕ್ಕೆ ಹತ್ತು ನಂಬರ್, ಇಲ್ಲಿ ಸ್ಟಾರ್ ಸ್ಕ್ರೂ. ಅಡುಗೆಮನೆಯಲ್ಲಿ ಯಾರಲ್ಲಿ ಇದೆಲ್ಲ ಇರುತ್ತದೆ? ಸ್ಕ್ರೂ ಡ್ರೈವರ್ ಸಿಗದಿದ್ದರೆ ಚಾಕು ಹಾಕುತ್ತಾರೆ. ಆಮೇಲೆ ನನ್ನಲ್ಲಿಗೆ ತರುತ್ತಾರೆ."

ನಾನು ವಿನ್ಯಾಸ ಮಾಡಿದ್ದದ್ದು ನನ್ನ ಟೂಲ್ ಬಾಕ್ಸಿಗೆ. ಬಿಚ್ಚುವವರು ನಾನಲ್ಲ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ಒಂದು ವರ್ಷವೂ ಸುಮಾರು ಎರಡು ಲಕ್ಷ ರೂಪಾಯಿಯೂ ಬೇಕಾಯಿತು.

ಮೂರನೇ ಮಾದರಿಯನ್ನು ಕಾಕನ ಅಂಗಡಿಯ ಮುಂದಿನ ಬೆಂಚಿನಲ್ಲಿ ಕುಳಿತೇ ಬರೆದೆ. ಎಲ್ಲ ಬೋಲ್ಟ್‌ಗಳೂ ಎಂ8, ಷಡ್ಭುಜ ತಲೆ. 13 ನಂಬರ್ ಸ್ಪ್ಯಾನರ್ ಒಂದೇ ಸಾಕು. ಕೆಲವು ಕಡೆ ಎಂ6 ಧಾರಾಳವಾಗಿ ಸಾಕಿತ್ತು, ಆದರೂ ಎಂ8. ಎರಕದಲ್ಲಿ ಟ್ಯಾಪ್ ಹೊಡೆದ ತೂತು ಒಂದೂ ಇಲ್ಲ. ಬೋಲ್ಟ್ ಆಚೆ ತೂರಿ ಹೋಗುತ್ತದೆ, ಹೊರಗೆ ನಟ್ಟು, ಎರಡು ಲೋಹ ಒಂದಕ್ಕೊಂದು ತಾಗದಂತೆ ನಡುವೆ ನೈಲಾನ್ ವಾಷರ್ ಮತ್ತು ಸ್ಲೀವ್ (ಬೋಲ್ಟಿನ ಸುತ್ತ ಕೂರುವ ಕೊಳವೆ). ತುಕ್ಕು ಹಿಡಿದು ಹಟ ಮಾಡಿದರೆ ಬೋಲ್ಟನ್ನು ಕೊಯ್ದು ಬಿಸಾಡಬಹುದು, ಹೌಸಿಂಗ್ ಉಳಿಯುತ್ತದೆ. ಬೇರಿಂಗ್ 6203. ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. ಸಣ್ಣ ಪೇಟೆಯ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ತುರಿಯುವ ತಲೆಗೂ ಮೋಟಾರಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟೆ, ಶಾಫ್ಟಿಗೆ ಒಂದು ರಬ್ಬರ್ ಬಿಲ್ಲೆ ಹಾಕಿದೆ. ಹಾಲು ಬಂದರೆ ಬಿಲ್ಲೆಗೆ ಬಡಿದು ಕೆಳಗೆ ತೊಟ್ಟಿಕ್ಕುತ್ತದೆ. ಬಣ್ಣ ಬಳಿಯಲಿಲ್ಲ. ಬಣ್ಣ ಬಳಿದರೆ ಪ್ರತಿ ನವೀಕರಣದಲ್ಲೂ ಅದನ್ನು ಕೆರೆದು ತೆಗೆಯುವ ಕೂಲಿ ಯಾರು ಕೊಡುತ್ತಾರೆ? ಕಾಯಿ ತಾಗುವ ಜಾಗವೆಲ್ಲ 304 ದರ್ಜೆಯ ಸ್ಟೀಲ್. ಅಗ್ಗದ 202 ಕರಾವಳಿಯ ಗಾಳಿಗೆ ಬೇಗ ಕಲೆ ಹಿಡಿಯುತ್ತದೆ, ಅದರಲ್ಲಿ ಉಳಿಸಲು ಹೋಗಬೇಡಿ.

ಅರ್ತಿಂಗಿನ ವಿಷಯ ಬೇರೆಯಾಗಿ ಹೇಳಬೇಕು. ರಿಪೇರಿ ಮಾಡಿದವರು ಹಸಿರು ವಯರನ್ನು ಮತ್ತೆ ಹಾಕಲು ಮರೆಯುವುದುಂಟು, ಯಂತ್ರ ಅದಿಲ್ಲದೆಯೂ ಓಡುತ್ತದಲ್ಲ. ಒದ್ದೆ ನೆಲ, ಬರಿಗಾಲು, ಸ್ಟೀಲಿನ ಯಂತ್ರ. ಹಾಗಾಗಿ ಮೂರೂ ವಯರುಗಳು ಒಂದೇ ಕನೆಕ್ಟರಿನಲ್ಲಿ ಬರುವಂತೆ ಮಾಡಿದೆ. ಅರ್ತ್ ಬಿಟ್ಟು ಉಳಿದೆರಡನ್ನು ಮಾತ್ರ ಹಾಕಲು ಆಗುವುದಿಲ್ಲ. ಬಿಚ್ಚಲು ಸುಲಭ ಮಾಡುವವರು ತಪ್ಪಾಗಿ ಜೋಡಿಸುವುದನ್ನು ಕಷ್ಟ ಮಾಡಲೇಬೇಕು. ವಿದ್ಯುತ್ತಿನ ಗೃಹೋಪಕರಣಗಳ ಸುರಕ್ಷತೆಗೆ ಐಎಸ್ 302 ಮಾನದಂಡವಿದೆ. ನಿಮ್ಮ ವಸ್ತುವಿಗೆ ಗುಣಮಟ್ಟ ನಿಯಂತ್ರಣ ಆದೇಶ (ಮಾನದಂಡವನ್ನು ಕಡ್ಡಾಯ ಮಾಡುವ ಸರಕಾರಿ ಆದೇಶ) ಅನ್ವಯವಾಗುತ್ತದೆಯೇ ಎಂಬುದನ್ನು ನಕ್ಷೆ ಬರೆಯುವ ಮೊದಲೇ ವಿಚಾರಿಸಿಕೊಳ್ಳಿ, ಎಲ್ಲ ಮಾಡಿ ಮುಗಿಸಿದ ಮೇಲಲ್ಲ.

ಎರಕಕ್ಕೆ ಬೆಳಗಾವಿಗೆ ಹೋದೆ. ಖರ್ಚು ಉಳಿಸಲು ಪ್ಯಾಟರ್ನನ್ನು, ಅಂದರೆ ಎರಕದ ಅಚ್ಚು ತೆಗೆಯಲು ಬೇಕಾದ ಮಾದರಿಯನ್ನು, ಇಲ್ಲಿನ ಮರಗೆಲಸದವರಲ್ಲೇ ಮಾಡಿಸಿದ್ದೆ, 9,000 ರೂಪಾಯಿ. ನಕ್ಷೆಯ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಮಾಡಿಕೊಟ್ಟರು, ಅದೇ ತಪ್ಪಾಯಿತು. ಅಲ್ಯೂಮಿನಿಯಂ ತಣಿಯುವಾಗ ಮೀಟರಿಗೆ ಸುಮಾರು 13 ಮಿಲಿಮೀಟರ್ ಕುಗ್ಗುತ್ತದೆ; ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು, ಲೇತಿನಲ್ಲಿ ಕಡೆಯುವ ಕಡೆ ಇನ್ನೂ ಸ್ವಲ್ಪ ದಪ್ಪ ಬಿಡಬೇಕು. ಬಂದ ಮೊದಲ ಎಂಟು ಎರಕಗಳಲ್ಲಿ ಕಡೆಯಲು ಲೋಹವೇ ಇರಲಿಲ್ಲ. ಮತ್ತೆ ಬೆಳಗಾವಿಯ ಪ್ಯಾಟರ್ನ್ ಮೇಸ್ತ್ರಿಯಲ್ಲಿ 22,000 ಕೊಟ್ಟು ಮಾಡಿಸಿದೆ. ಮೊದಲೇ ಅಲ್ಲಿಗೆ ಹೋಗಿ. ಕೆಟ್ಟ ಎರಕಗಳನ್ನು ಮಾತ್ರ ಫೌಂಡ್ರಿಯವರು ತೂಕಕ್ಕೆ ವಾಪಸ್ ತೆಗೆದುಕೊಂಡು ಕರಗಿಸಿದರು.

ಇನ್ನು ವಿನ್ಯಾಸ ನೋಂದಣಿ. 2024ರ ನವೆಂಬರಿನಲ್ಲಿ ಅರ್ಜಿ ಹಾಕಿದೆ. ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಶುಲ್ಕ 1,000 ರೂಪಾಯಿ. ಪರಿಶೀಲನೆ ಕೋಲ್ಕತ್ತಾದ ಕಚೇರಿಯಲ್ಲಿ. ಆಹಾರ ತಯಾರಿಕೆಯ ಯಂತ್ರಗಳು 31ನೇ ವರ್ಗಕ್ಕೆ ಬರುತ್ತವೆ. ಒಂದು ಎಚ್ಚರಿಕೆ: ಅರ್ಜಿಗೆ ಮೊದಲು ಚಿತ್ರವನ್ನು ಎಲ್ಲೂ ಹಾಕಬೇಡಿ. ಪ್ರಕಟವಾದ ವಿನ್ಯಾಸ ಹೊಸದಲ್ಲ ಎಂದಾಗುತ್ತದೆ. ಎರಡನೇ ಮಾದರಿಯ ಫೋಟೊವನ್ನು ನಾನು ಉತ್ಸಾಹದಲ್ಲಿ ಅಡುಗೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದೆ. ಮೂರನೆಯದರ ಆಕಾರ ಬೇರೆಯಾಗಿದ್ದದ್ದು ನನ್ನ ಪುಣ್ಯ.

ಫೆಬ್ರುವರಿಯಲ್ಲಿ ಆಕ್ಷೇಪಣೆಯ ಪತ್ರ ಬಂತು. ಚಿತ್ರಗಳು ಒಂದೇ ಅಳತೆಯಲ್ಲಿಲ್ಲ ಎಂಬುದು ಮೊದಲನೆಯದು, ಅದನ್ನು ಸರಿಮಾಡಿದೆ. ಎರಡನೆಯದು ಮನಸ್ಸಿಗೆ ಚುಚ್ಚಿತು. ಯಂತ್ರದ ಯಾಂತ್ರಿಕ ಕ್ರಿಯೆಯ ಮೇಲೆ ಈ ನೋಂದಣಿಯಿಂದ ಯಾವ ಹಕ್ಕನ್ನೂ ಕೇಳುವುದಿಲ್ಲ ಎಂದು ಬರೆದುಕೊಡಬೇಕು. ವಿನ್ಯಾಸ ಕಾಯ್ದೆ ಕಾಯುವುದು ಕಣ್ಣಿಗೆ ಕಾಣುವ ರೂಪವನ್ನು, ಕೆಲಸ ಮಾಡುವ ಬಗೆಯನ್ನಲ್ಲ. ಒಂದೇ ಸ್ಪ್ಯಾನರು, ತೂರುವ ಬೋಲ್ಟು, ತೊಟ್ಟಿಕ್ಕುವ ಜಾಗ, ಎರಡು ವರ್ಷ ನಾನು ತಲೆ ಕೆಡಿಸಿಕೊಂಡದ್ದೆಲ್ಲ ಇದರ ಹೊರಗೆ. ಒಳಗೆ ಉಳಿದದ್ದು ತಟ್ಟೆಯ ಬಾಗು, ಮೂರು ಕಾಲಿನ ನಿಲುವು. ಒಂದು ದಿನ ಸುಮ್ಮನೆ ಕುಳಿತೆ. ಆಮೇಲೆ, ನಕಲು ಮಾಡುವವರು ಬಿಚ್ಚುವ ಗುಣವನ್ನೂ ನಕಲು ಮಾಡಲಿ, ನನಗೇನು ನಷ್ಟ ಎಂದುಕೊಂಡು ಬರೆದುಕೊಟ್ಟೆ. ಅರ್ಜಿಯ ದಿನದಿಂದ ಆರು ತಿಂಗಳೊಳಗೆ ಆಕ್ಷೇಪಣೆಗಳನ್ನು ಪರಿಹರಿಸಬೇಕು, ತಾರೀಖು ಗುರುತು ಹಾಕಿಕೊಳ್ಳಿ. ಹಕ್ಕಿನ ಅವಧಿ ಹತ್ತು ವರ್ಷ, ಮತ್ತೆ ಐದು ವರ್ಷ ವಿಸ್ತರಿಸಬಹುದು.

ಹಿಂತಿರುಗಿದ ಯಂತ್ರದ ತೆರಿಗೆ ಇನ್ನೊಂದು ಗೋಜಲು. ಹಳೆಯ ವಸ್ತು ಕೊಂಡು ಮಾರುವವರಿಗೆ ಜಿಎಸ್‌ಟಿಯಲ್ಲಿ ಕೊಂಡ ಬೆಲೆ, ಮಾರಿದ ಬೆಲೆಗಳ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಕಟ್ಟುವ ದಾರಿಯಿದೆ. ಕೊಳ್ಳುವಾಗಿನ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆದಿರಬಾರದು, ವಸ್ತುವಿನ ಸ್ವರೂಪ ಬದಲಾಗದಂಥ ಸಣ್ಣಪುಟ್ಟ ಕೆಲಸವನ್ನಷ್ಟೇ ಮಾಡಿರಬೇಕು. ಬೇರಿಂಗ್, ಸೀಲು, ತುರಿಯುವ ತಲೆ ಮೂರನ್ನೂ ಬದಲಿಸಿದರೆ ಅದು ಸಣ್ಣಪುಟ್ಟ ಕೆಲಸವೇ? ನನ್ನ ಲೆಕ್ಕಪರಿಶೋಧಕರು ಕನ್ನಡಕ ತೆಗೆದು ಒರೆಸಿಕೊಂಡರು. ಸದ್ಯಕ್ಕೆ ಆದಷ್ಟೂ ಯಂತ್ರಗಳು ಮಾಲೀಕರ ಹೆಸರಿನಲ್ಲೇ ಉಳಿದು, ನಾನು ರಿಪೇರಿಯ ಬಿಲ್ಲು ಮಾಡಿ ಅದಕ್ಕೆ ಶೇ. 18 ಕಟ್ಟುವ ಹಾಗೆ ನಡೆಸುತ್ತಿದ್ದೇನೆ. ಯಂತ್ರ ಹೋಗಿ ಬರುವಾಗ ಡೆಲಿವರಿ ಚಲನ್ ಜತೆಗಿರಲಿ.

ಯಂತ್ರ ಮಾಡಲು ನನಗೆ ತಗಲುವುದು 8,150, ಮಾರುವುದು 10,900. ಪೇಟೆಯಲ್ಲಿ ಇಷ್ಟೇ ಕೆಲಸ ಮಾಡುವ ಯಂತ್ರ 6,500ಕ್ಕೆ ಸಿಗುತ್ತದೆ. ಬೆಲೆ ಕೇಳಿ ಎದ್ದು ಹೋದವರೇ ಹೆಚ್ಚು. ಈ ವರ್ಷ 22 ಮಾರಾಟವಾಗಿವೆ, ಆಟಿಯಲ್ಲಿ ಒಂಬತ್ತು ಸರ್ವಿಸಿಗೆ ಬಂದವು. ಒಂಬತ್ತರಲ್ಲಿ ಏಳಕ್ಕೆ ಸೀಲು ಮಾತ್ರ ಬದಲಿಸಿದ್ದು. ಕಾಕ ಒಂದನ್ನು ಹನ್ನೊಂದು ನಿಮಿಷದಲ್ಲಿ ಬಿಚ್ಚಿ ಜೋಡಿಸಿ, ಕೈ ಒರೆಸಿಕೊಳ್ಳುತ್ತ ಕೇಳಿದರು, "ಹನ್ನೊಂದು ನಿಮಿಷಕ್ಕೆ ನಾನು ಎಷ್ಟು ಕೇಳಲಿ?" ಬ್ಯಾಂಕ್ ಮ್ಯಾನೇಜರ್ ಕೇಳಿದ್ದರದ್ದೇ ಇನ್ನೊಂದು ಮುಖ. ರಿಪೇರಿ ಸುಲಭವಾದರೆ ರಿಪೇರಿಯವರ ಅನ್ನ ತೆಳ್ಳಗಾಗುತ್ತದೆ. ಈಗ ಒಂದು ಸರ್ವಿಸಿಗೆ 350 ಎಂದು ಗೊತ್ತು ಮಾಡಿ, ಬಿಡಿಭಾಗಗಳನ್ನು ಅವರ ಅಂಗಡಿಯಿಂದಲೇ ಮಾರುವ ಏರ್ಪಾಡು ಮಾಡಿದ್ದೇನೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಕಳೆದ ತಿಂಗಳು ಮುಂಬೈಯಿಂದ ಒಂದು ಕರೆ ಬಂತು. ಮಾಟುಂಗದ ಕಡೆಯ ಹೋಟೆಲಿನ ಅಡುಗೆಮನೆಯಿಂದ, ನಮ್ಮೂರ ಕಡೆಯ ಕನ್ನಡ. ಏಳನೇ ನಂಬರಿನ ಯಂತ್ರ. ಅದನ್ನು ಕೊಂಡಿದ್ದ ಅಡುಗೆಯವರು ಯಾರಿಗೋ ಮಾರಿದ್ದರು, ಅವರು ಮುಂಬೈಗೆ ಒಯ್ದಿದ್ದರು. ಬೇರಿಂಗ್ ಹೋಗಿತ್ತಂತೆ. ಹೌಸಿಂಗಿನ ಮೇಲೆ ಎರಕದಲ್ಲೇ 6203 ಎಂದು ಉಬ್ಬಿಸಿದ್ದನ್ನು ನೋಡಿ ಹೊಸದನ್ನು ತಂದು ಹಾಕಿಯೂ ಆಗಿದೆ. ತೊಂದರೆ ತುರಿಯುವ ತಲೆಯದ್ದು: ಎಷ್ಟು ತಿರುಗಿಸಿದರೂ ಬಿಚ್ಚಿ ಬರುತ್ತಿಲ್ಲ, ಇನ್ನಷ್ಟು ಬಿಗಿಯಾಗುತ್ತಿದೆ.

"ಅದು ಎಡಮರೆ ಅಣ್ಣ, ಉಲ್ಟಾ ತಿರುಗಿಸಿ. ತಲೆಯ ಮೇಲೆ ಬಾಣದ ಗುರುತು ಇದೆ ನೋಡಿ" ಎಂದೆ.

"ಬಾಣ ಎಲ್ಲಿದೆ? ಉಜ್ಜಿ ಉಜ್ಜಿ ಎಲ್ಲ ಹೋಗಿದೆ" ಎಂದರು.

ತಲೆಯ ಮೇಲಿನ ಬಾಣವನ್ನು ನಾನು ಪಂಚಿನಲ್ಲಿ ಮೆಲ್ಲಗೆ ಹೊಡೆದಿದ್ದೆ. ದಿನಕ್ಕೆರಡು ಸಲ ನಾರಿನಿಂದ ತಿಕ್ಕಿ ತೊಳೆಯುತ್ತಾರೆ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಮೊನ್ನೆ ಬೆಳಗಾವಿಗೆ ಫೋನ್ ಮಾಡಿ, ಬೇರಿಂಗ್ ನಂಬರಿನ ಪಕ್ಕದಲ್ಲೇ ಒಂದು ದಪ್ಪ ಬಾಣವನ್ನೂ ಪ್ಯಾಟರ್ನಿಗೆ ಸೇರಿಸಲು ಹೇಳಿದೆ. ಅದಕ್ಕೆ 1,200 ರೂಪಾಯಿ.